ಕಲ್ಲು ಮಣ್ಣಾಗುವ ಬಗೆ

ದಾನವು ಆಚಂದ್ರಾರ್ಕವಾಗಿ ನಿಲ್ಲಲೆಂದು ನಮ್ಮ ಹಿರಿಯರು ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ಆ ಶಾಸನಗಳನ್ನು ಬಹುಕಾಲ ಪಾಠ ಹೇಳಿದ ನನಗೆ ಈಗ ಹೆಚ್ಚು ಸೋಜಿಗವೆನಿಸುವುದು ಕಲ್ಲು ನಿಲ್ಲುವುದಲ್ಲ, ಕರಗುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಬದುಕಿರುವುದೇ ಕರಗಿದ ಕಲ್ಲಿನ ಮೇಲೆ.

ಈ ಸೀಮೆಯ ಬಹುಭಾಗದ ತಳಹದಿ ಭೂವಿಜ್ಞಾನಿಗಳು ‘ಪೆನಿನ್ಸುಲರ್ ನೈಸ್’ ಎನ್ನುವ ಬೂದುಬಣ್ಣದ ಪಟ್ಟೆಗಲ್ಲು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ನೆಲದಾಳದಲ್ಲಿ ಹುಟ್ಟಿದ ಈ ಕಲ್ಲು, ಮೇಲಿನ ಹೊರೆ ಸವೆದು ಹೋದಂತೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿಯೊಟ್ಟಿ ಚಪ್ಪಡಿ ಎಬ್ಬಿಸುತ್ತಿದ್ದುದು ಈ ಗುಣವನ್ನು ಬಲ್ಲುದರಿಂದಲೇ.

ಹೊಲಗಳ ನಡುವಿನ ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ. ಅಡ್ಡ ಉದ್ದ ಬಿರುಕುಗಳು ಬಂಡೆಯನ್ನು ಚೌಕಗಳಾಗಿ ಸೀಳುತ್ತವೆ. ಅವುಗಳಲ್ಲಿ ಇಳಿದ ನೀರು ಚೌಕದ ಮುಖವನ್ನು ಒಂದು ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಮೂಲೆ ಮೊದಲು ಸವೆದು ಚೌಕ ಗುಂಡಾಗುತ್ತದೆ.

ಇಂಗಾಲಾಮ್ಲ ವಾಯುವನ್ನು ಹೀರಿದ ಮಳೆನೀರು ಸೌಮ್ಯವಾದ ಆಮ್ಲ. ಅದು ಕಲ್ಲಿನೊಳಗಿನ ಫೆಲ್‌ಸ್ಪಾರನ್ನು ಜೇಡಿಯಾಗಿಸುತ್ತದೆ. ಬೆಣಚು ಮರಳಾಗಿ ಉಳಿಯುತ್ತದೆ. ಕಪ್ಪು ಅಭ್ರಕದ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಜೇಡಿ ಮಳೆಯೊಡನೆ ಹರಿದು ಕೆರೆ ಸೇರುತ್ತದೆ. ಬೇಸಿಗೆಯಲ್ಲಿ ರೈತ ಆ ಕೆರೆಗೋಡನ್ನು ತೋಟಕ್ಕೆ ಹೊಡೆಯುತ್ತಾನೆ. ಎಳನೀರಿನಲ್ಲಿ ಹೇರಳವಾಗಿರುವ ಪೊಟ್ಯಾಸಿಯಂನ ಒಂದು ಪಾಲು ಹೀಗೆ ಕಲ್ಲಿನಿಂದಲೇ ಬಂದದ್ದು.

ಎಲ್ಲ ಕಲ್ಲೂ ಒಂದೇ ಬಗೆಯಲ್ಲಿ ಮಣಿಯುವುದಿಲ್ಲ. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿ ಇನ್ನೂ ನುಣುಪಾಗಿ ಹೊಳೆಯುತ್ತದೆ. ಒತ್ತಾದ ಆ ಕಲ್ಲಿನಲ್ಲಿ ನೀರಿಗೆ ದಾರಿಯಿಲ್ಲ. ಚಿಕ್ಕನಾಯಕನಹಳ್ಳಿಯ ಕಡೆ ಮೆದು ಶಿಲೆ ಸವೆದು ತಗ್ಗಾಗಿ, ಕಬ್ಬಿಣ ತುಂಬಿದ ಗಟ್ಟಿ ಪದರಗಳು ಗುಡ್ಡಗಳಾಗಿ ನಿಂತವು. ಕಾಲವು ಉಳಿಸಿದ್ದನ್ನು ಯಂತ್ರ ಉಳಿಸಲಿಲ್ಲ. ಅದಿರಿನ ಗಣಿಗಾರಿಕೆಯನ್ನು ತಡೆಯಲು 2011ರಲ್ಲಿ ಸುಪ್ರೀಂ ಕೋರ್ಟೇ ನಡುವೆ ಬರಬೇಕಾಯಿತು.

ಗಟ್ಟಿ ಬಂಡೆಗೂ ಮೇಲ್ಮಣ್ಣಿಗೂ ನಡುವೆ ಅರೆ ಕರಗಿದ ಕಲ್ಲಿನ ಪದರವೊಂದಿದೆ. ಮಳೆಯನ್ನು ಹೀರಿ ಹಿಡಿದಿಡುವುದು ಅದೇ. ಹಿಂದಿನ ತೆರೆದ ಬಾವಿಗಳು ಅದರ ನೀರನ್ನೇ ಉಂಡವು. ಇಂದಿನ ಕೊಳವೆಬಾವಿ ಅದನ್ನು ದಾಟಿ ಗಟ್ಟಿಕಲ್ಲಿಗೆ ಇಳಿದಿದೆ. ಅಲ್ಲಿ ಬಿರುಕಿದ್ದಷ್ಟೇ ನೀರು. ಮೇಲಿನ ಪದರ ಒಣಗಿದರೆ ಆ ಬಿರುಕುಗಳಿಗೆ ಒಸರುವುದೂ ನಿಲ್ಲುತ್ತದೆ. ತೋಟದ ಸುಳಿ ಬಾಡುತ್ತದೆ.

ಬಂಡೆಯನ್ನು ಪುಡಿಮಾಡಲು ನಮಗೆ ಒಂದು ಮಧ್ಯಾಹ್ನ ಸಾಕು. ಆದರೆ ಹಾಗೆ ದೊರೆಯುವುದು ಜಲ್ಲಿ, ಮಣ್ಣಲ್ಲ. ಕೆರೆಯ ಹೂಳನ್ನು ತೆಗೆದು ತೋಟಕ್ಕೆ ಹಾಕಿ, ತೆರವಾದ ಜಾಗದಲ್ಲಿ ಮಳೆಯನ್ನು ನಿಲ್ಲಿಸುವ ಹಳೆಯ ಕ್ರಮವು ಕಲ್ಲಿನ ಈ ನಿಧಾನಕ್ಕೆ ಹೊಂದಿಕೊಂಡಿತ್ತು. ಅದನ್ನು ಬಿಟ್ಟರೆ ನಮಗೆ ಬೇರೆ ಗತಿಯಿಲ್ಲವೆಂದು ನಾನು ಭಾವಿಸುತ್ತೇನೆ.