ಹೊಟ್ಟೆನೋವು ಅಂದ್ರೆ ಬರೀ ಗ್ಯಾಸ್ ಅಲ್ಲ
(ಜರಗನಹಳ್ಳಿಯ ಕಲಿಕೆಯ ಗುಂಪಿನಲ್ಲಿ ಆಡಿದ ಮಾತು)



ಇವತ್ತು ನಾವು ಒಂದು ಕಾಯಿಲೆಯ ವಿಷಯ ತಿಳಿಯೋಣ. ಅದರ ಹೆಸರು ಡೈವರ್ಟಿಕ್ಯುಲೈಟಿಸ್. ಹೆಸರು ಉದ್ದ. ಮರೆತರೂ ಚಿಂತೆಯಿಲ್ಲ. ವಿಷಯ ನೆನಪಿರಲಿ.

ನಮ್ಮ ಹೊಟ್ಟೆಯಲ್ಲಿ ದೊಡ್ಡ ಕರುಳು ಇದೆ. ವಯಸ್ಸಾದಂತೆ ಅದರ ಗೋಡೆ ಬಲ ಕಳೆದುಕೊಳ್ಳುತ್ತದೆ. ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದರೆ ಏನಾಗುತ್ತೆ? ಸವೆದ ಜಾಗ ಉಬ್ಬುತ್ತೆ. ಹಾಗೆಯೇ ಕರುಳಿನಲ್ಲೂ ಸಣ್ಣ ಸಣ್ಣ ಚೀಲಗಳು ಮೂಡುತ್ತವೆ. ಎಷ್ಟೋ ಜನರಿಗೆ ಇವು ಇರುವುದೇ ಗೊತ್ತಾಗುವುದಿಲ್ಲ. ತೊಂದರೆಯೂ ಇಲ್ಲ. ಕೆಲವರಿಗೆ ಮಾತ್ರ ಚೀಲ ಊದಿಕೊಂಡು ನೋಯುತ್ತದೆ. ಅದೇ ಈ ಕಾಯಿಲೆ. ಚೀಲ ಒಡೆದರೆ ಪ್ರಾಣಕ್ಕೇ ಅಪಾಯ.

ಅಮೆರಿಕ, ಯುರೋಪಿನಲ್ಲಿ ಇದು ಬಹಳ. ಈಗ ನಮ್ಮ ಕಡೆಯೂ ಕಾಣಿಸ್ತಾ ಇದೆ. ಯಾಕೆ?

ಮೊದಲನೆಯದು ವಯಸ್ಸು. 1947ರಲ್ಲಿ ನಮ್ಮ ದೇಶದವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಸುಮಾರು 70 ವರ್ಷ. ಹೆಚ್ಚು ಕಾಲ ಬಾಳುವುದು ಸಂತೋಷವೇ. ಆದರೆ ಕರುಳಿಗೂ ವಯಸ್ಸಾಗುತ್ತೆ ಅಲ್ವಾ?

ಎರಡನೆಯದು ಬೊಜ್ಜು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಊತ ತರುವ ರಸಗಳನ್ನು ಬಿಡುತ್ತದೆ. ಹಾಗಾಗಿ ಬೊಜ್ಜು ಇದ್ದವರಿಗೆ ಮುದಿವಯಸ್ಸಿಗೆ ಮೊದಲೇ ಈ ಕಾಯಿಲೆ ಬರಬಹುದು. 2015-16ರ ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ 23 ಮಂದಿಗೆ ತೂಕ ಹೆಚ್ಚಿತ್ತು. 2019-21ರಲ್ಲಿ ಅದು 30 ಆಯಿತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ನಮ್ಮ ಜರಗನಹಳ್ಳಿಯನ್ನೇ ನೋಡಿ. ಹಿಂದೆ ಇದು ಹಳ್ಳಿ. ಈಗ ಊರೇ ಬೆಂಗಳೂರಾಗಿದೆ. ಕನಕಪುರ ರಸ್ತೆಯ ಮೇಲೆ 2017ರಿಂದ ಮೆಟ್ರೊ ಓಡುತ್ತಿದೆ. ಹೊಲದ ಕೆಲಸ ಹೋಯ್ತು, ಕೂತು ಮಾಡುವ ಕೆಲಸ ಬಂತು. ಮುದ್ದೆ ಕಡಿಮೆಯಾಯ್ತು, ಬಿಳಿ ಅನ್ನ, ಬೇಕರಿ ತಿಂಡಿ ಹೆಚ್ಚಾಯ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಕರುಳಿಗೆ ಗೆಳೆಯ.

ಹಾಗಾದರೆ ಏನು ಮಾಡೋಣ? ವಯಸ್ಸನ್ನು ತಡೆಯಲು ಆಗಲ್ಲ. ಬೊಜ್ಜನ್ನು ತಡೆಯಬಹುದು. ಮುದ್ದೆ, ಸೊಪ್ಪು, ಕಾಳು ತಿನ್ನೋಣ. ನೀರು ಕುಡಿಯೋಣ. ದಿನಾ ನಡೆಯೋಣ. ಬೀಡಿ, ಸಿಗರೇಟು ಬಿಡೋಣ. ಸೀಬೆ ಬೀಜ, ಕಡಲೆಕಾಯಿ ಚೀಲದಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಹಿಂದೆ ಹೆದರಿಸುತ್ತಿದ್ದರು. ಆ ಭಯ ಬೇಡ.

ಹೊಟ್ಟೆಯ ಕೆಳಭಾಗದಲ್ಲಿ ಬಿಡದ ನೋವು, ಜ್ವರ, ವಾಂತಿ ಇದ್ದರೆ ತಡಮಾಡಬೇಡಿ. ಮಲದಲ್ಲಿ ರಕ್ತ ಕಂಡರೆ ಕೂಡಲೇ ಹೊರಡಿ. ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಹರಳೆಣ್ಣೆ ಕುಡಿಸಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆಗಳಿಂದ ಚೀಲ ಒಡೆಯುವ ಅಪಾಯ ಹೆಚ್ಚು. ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ ನಮಗೆ ಹತ್ತಿರವೇ ಇದೆ. ನಡೆಯಲು ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಬೇಗ ಹೋದರೆ ಎಷ್ಟೋ ಜನರಿಗೆ ಆಪರೇಷನ್ ಇಲ್ಲದೆ ಗುಣವಾಗುತ್ತದೆ.

ಇನ್ನೊಂದು ಮಾತು. ತುಂಬ ವಯಸ್ಸಾದವರಿಗೆ ಜ್ವರವೂ ಬರದೆ ಇರಬಹುದು, ನೋವೂ ಕಡಿಮೆ ಇರಬಹುದು. ಅಜ್ಜಿ ಊಟ ಬಿಟ್ಟು ಸುಮ್ಮನೆ ಮಲಗಿದ್ದರೆ ಕೇಳಿ, “ಎಲ್ಲಿ ನೋವು ಅಜ್ಜಿ?” ಅಂತ.

ನೀವು ಈಗ ಓದಲು ಕಲಿತಿದ್ದೀರಿ. ಈ ಪುಟವನ್ನು ಮನೆಯ ಹಿರಿಯರಿಗೆ ಓದಿ ಹೇಳಿ.