ಸೋಡಚೀಟಿಯಿಂದ ಕೋರ್ಟಿನ ತೀರ್ಪಿನವರೆಗೆ

ಈ ಬೆಳಗಲಿಯ ಸುತ್ತಿನವರಿಗೆ ಸೋಡಚೀಟಿ ಎಂಬ ಮಾತು ಹೊಸದಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಹಿರಿಯರೆದುರು ಅದನ್ನು ಬರೆದುಕೊಟ್ಟರೆ ಬಿಡುಗಡೆಯಾಗುತ್ತಿತ್ತು, ಹೆಣ್ಣು ಉಡಿಕೆಯಾಗಬಹುದಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಇಂಥ ರೂಢಿಯನ್ನು ಉಳಿಸಿದೆ. ಆದರೆ ತಕರಾರು ಎದ್ದರೆ ರೂಢಿಯನ್ನು ಸಾಬೀತುಪಡಿಸಬೇಕು. ಇಲ್ಲವಾದರೆ ಆ ಹೆಣ್ಣಿನ ಎರಡನೆಯ ಮದುವೆಯೇ ಅಸಿಂಧು.

1976ರಲ್ಲಿ ಸೇರಿದ 13-ಬಿ ಕಲಮು ಭದ್ರವಾದ ದಾರಿ. ಒಂದು ವರ್ಷವಾದರೂ ಬೇರೆಯಿದ್ದು ಇಬ್ಬರೂ ಕೂಡಿ ಅರ್ಜಿ ಕೊಡಬೇಕು. ಆರು ತಿಂಗಳ ನಂತರ ಮತ್ತೆ ಕೇಳಬೇಕು. ತಕ್ಕ ಪ್ರಕರಣದಲ್ಲಿ ಈ ಗಡುವನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ತೀರ್ಪಿನವರೆಗೂ ಇಬ್ಬರ ಒಪ್ಪಿಗೆ ಉಳಿದಿರಬೇಕೆಂದು 1991ರಲ್ಲೇ ಹೇಳಿತ್ತು. ಜೀವನಾಂಶ, ಮಕ್ಕಳ ಪಾಲನೆ ಮೊದಲೇ ಇತ್ಯರ್ಥವಾದರೆ ಒಪ್ಪಿಗೆ ನಿಲ್ಲುತ್ತದೆ. ಬರೀ ಛಾಪಾ ಕಾಗದದ ಸಹಿಯನ್ನು ತೀರ್ಪೆಂದು ನಂಬಬೇಡಿರಿ.