ಕಡಿವಾಣ ತಪ್ಪಿದ ಕೋಶ, ಕಡಿವಾಣವಿಲ್ಲದ ಬೆಲೆ



ನಾನು ಇಂದು ಮಾತನಾಡಲಿರುವ ಕಾಯಿಲೆಯ ಹೆಸರು ನ್ಯೂರೋಫೈಬ್ರೊಮಟೋಸಿಸ್. ಅದರ ಮೊದಲನೆಯ ಬಗೆಯಾದ ಎನ್‌ಎಫ್-1 ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಇರುತ್ತದೆ. ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳು, ನರಗಳ ಗುಂಟ ಬೆಳೆಯುವ ಗೆಡ್ಡೆಗಳು ಇದರ ಲಕ್ಷಣ. ಸುಮಾರು ಅರ್ಧದಷ್ಟು ರೋಗಿಗಳಿಗೆ ಇದು ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಉಳಿದವರಲ್ಲಿ ಜೀನಿನ ಹೊಸ ಬದಲಾವಣೆಯೇ ಕಾರಣ. ಮಗುವಿನ ಕಾಯಿಲೆಗೆ ಸೊಸೆಯತ್ತ ಬೆರಳು ತೋರಿಸುವ ನಮ್ಮ ಮನೆಗಳ ರೂಢಿ ಕ್ರೂರವಷ್ಟೇ ಅಲ್ಲ, ಆಧಾರವಿಲ್ಲದ್ದೂ ಹೌದು.

ಈ ಜೀನನ್ನು 1990ರಲ್ಲಿ ಗುರುತಿಸಲಾಯಿತು. ಅದು ತಯಾರಿಸುವ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನು, ಕೋಶಕ್ಕೆ 'ಬೆಳೆ' ಎಂದು ಹೇಳುವ ರಾಸ್ ಎಂಬ ಸಂಕೇತಕ್ಕೆ ಕಡಿವಾಣ. ಕಡಿವಾಣ ತಪ್ಪಿದಾಗ ಆ ಸಂಕೇತ ಮೆಕ್ ಎಂಬ ಕಿಣ್ವದ ಮೂಲಕ ಮುಂದೆ ಸಾಗುತ್ತಲೇ ಇರುತ್ತದೆ. ಮೆಕ್ ಅನ್ನು ತಡೆಯುವ ಸೆಲ್ಯುಮೆಟಿನಿಬ್ ಮೊದಲು ಕ್ಯಾನ್ಸರಿಗಾಗಿ ಪರೀಕ್ಷೆಗೊಳಗಾದ ಔಷಧ. ಶಸ್ತ್ರಚಿಕಿತ್ಸೆಗೆ ಸಿಗದಂತೆ ನರಗಳಲ್ಲಿ ಹೆಣೆದುಕೊಂಡ ಗೆಡ್ಡೆಗಳಿಗಾಗಿ, ಎರಡು ವರ್ಷ ದಾಟಿದ ಮಕ್ಕಳಿಗೆ ಅದನ್ನು ನೀಡಲು ಅಮೆರಿಕ 2020ರ ಏಪ್ರಿಲ್‌ನಲ್ಲಿ ಅನುಮತಿಸಿತು. ಜೀನು ಸಿಕ್ಕ ಮೂವತ್ತು ವರ್ಷಗಳ ಮೇಲೆ! ಪ್ರಯೋಗದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳ ಗೆಡ್ಡೆ ಕನಿಷ್ಠ ಐದನೇ ಒಂದು ಭಾಗದಷ್ಟು ಕುಗ್ಗಿತು. ಇದು ಪೂರ್ಣ ಗುಣವಲ್ಲ. ಔಷಧ ನಿಲ್ಲಿಸಿದರೆ ಗೆಡ್ಡೆ ಮತ್ತೆ ಬೆಳೆಯಬಹುದು. ಸೇವಿಸುವಾಗ ಹೃದಯದ ಮೇಲೆ ಕಣ್ಣಿಟ್ಟಿರಬೇಕು. 2025ರ ಫೆಬ್ರವರಿಯಲ್ಲಿ ಮಿರ್ಡಮೆಟಿನಿಬ್ ಎಂಬ ಇನ್ನೊಂದು ಔಷಧಕ್ಕೆ ವಯಸ್ಕರಿಗೂ ಅನುಮತಿ ದೊರೆಯಿತು.

ಈ ಯಶಸ್ಸಿನ ಹಿಂದಿರುವವರು ಯಾರು? ಸೆಲ್ಯುಮೆಟಿನಿಬ್‌ನ ನಿರ್ಣಾಯಕ ಪ್ರಯೋಗವನ್ನು ಮುನ್ನಡೆಸಿದ್ದು ತೆರಿಗೆ ಹಣದಿಂದ ನಡೆಯುವ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. ಔಷಧವಿಲ್ಲದೆ ಗೆಡ್ಡೆ ಹೇಗೆ ಬೆಳೆಯುತ್ತದೆಂದು ತಿಳಿಯದೆ ಅದರ ಪರಿಣಾಮವನ್ನು ಅಳೆಯುವುದು ಕಷ್ಟ. ಆ ತಿಳಿವಳಿಕೆಯನ್ನು ಕೊಟ್ಟವರು ವರ್ಷವರ್ಷವೂ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಿದ ಮಕ್ಕಳು. ಅವರಿಗೆ ಅದರಿಂದ ಆಗ ಯಾವ ಲಾಭವೂ ಇರಲಿಲ್ಲ.

ಕಂಪನಿಗಳ ಹೂಡಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅಪರೂಪದ ಕಾಯಿಲೆಗಳತ್ತ ಅವರನ್ನು ಸೆಳೆಯಲು 1983ರ ಕಾನೂನು ಏಳು ವರ್ಷಗಳ ಏಕಸ್ವಾಮ್ಯವನ್ನೂ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತು. ಆದರೆ ಬೆಲೆಯ ಬಗ್ಗೆ ಷರತ್ತು ಹಾಕಲಿಲ್ಲ. ಹೀಗಾಗಿ, ವಿಮೆಯಿಲ್ಲದ ಸಾಮಾನ್ಯ ಕುಟುಂಬಕ್ಕೆ ಈ ಗುಳಿಗೆ ಕೈಗೆಟುಕದ ವಸ್ತು.

ಇಲ್ಲಿ ವಿಮೆಯ ನೆರಳಿನಲ್ಲಿರುವ ನಾವು ಊರಿನ ಮಗುವೊಂದರ ಚಿಕಿತ್ಸೆಗೆ ಚಂದಾ ಎತ್ತಿ ಸಮಾಧಾನಪಡುತ್ತೇವೆ. ಚಂದಾ ಬೇಕು, ಆದರೆ ಸಾಲದು. 2012ರಲ್ಲಿ ಭಾರತ ಕ್ಯಾನ್ಸರ್ ಔಷಧವೊಂದಕ್ಕೆ ಕಡ್ಡಾಯ ಪರವಾನಗಿ ನೀಡಿ, ಅದನ್ನು ಅಗ್ಗವಾಗಿ ತಯಾರಿಸಲು ದೇಶೀಯ ಕಂಪನಿಗೆ ದಾರಿ ಮಾಡಿಕೊಟ್ಟಿತು. ಆ ದಾರಿ ಮುಚ್ಚದಂತೆ ಅಲ್ಲಿ ಕಾಯಬೇಕು. ಸಾರ್ವಜನಿಕ ಹಣ ಬಳಸಿದ ಸಂಶೋಧನೆಗೆ ಬೆಲೆಯ ಷರತ್ತು ಇರಲೇಬೇಕೆಂದು, ತೆರಿಗೆ ಕಟ್ಟುವ ನಾವು ಇಲ್ಲಿ ಕೇಳಬೇಕು. ಔಷಧ ರೂಪುಗೊಳ್ಳಲು ಮೈಯೊಡ್ಡಿದವರು ಅದನ್ನು ಪಡೆಯಲು ಕೈಯೊಡ್ಡಬೇಕಾಗಬಾರದು.